ನಿಧಾನವಾದ ಹಳೆಯ ಲ್ಯಾಪ್‌ಟಾಪ್: ಗುಜರಿಗೆ ಹಾಕುವ ಮೊದಲು ಡಿಸ್ಕ್ ಬದಲಿಸಿ ನೋಡಿ

ಎಂಟು-ಹತ್ತು ವರ್ಷದ ಹಿಂದೆ ಕೊಂಡ ಲ್ಯಾಪ್‌ಟಾಪ್ ಆನ್ ಆಗಿ ಕೈಗೆ ಸಿಗಲು ಐದು ನಿಮಿಷ ತೆಗೆದುಕೊಳ್ಳುತ್ತಿದ್ದರೆ ಎಲ್ಲರೂ ಬೈಯುವುದು ಪ್ರೊಸೆಸರನ್ನು. ತಪ್ಪು ಸಾಮಾನ್ಯವಾಗಿ ಅದರದ್ದಲ್ಲ, ಒಳಗೆ ಗಿರಗಿರ ತಿರುಗುವ ಹಾರ್ಡ್‌ಡಿಸ್ಕಿನದು. ಬಹುತೇಕ ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕುಗಳು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಹತ್ತು-ಹನ್ನೆರಡು ಮಿಲಿಸೆಕೆಂಡು ಬೇಕು. ಕೂಡಿದರೆ ಸೆಕೆಂಡಿಗೆ 60ರ ಆಸುಪಾಸು ಚಿಕ್ಕ ತುಣುಕುಗಳನ್ನಷ್ಟೇ ಅದು ಓದಬಲ್ಲದು. ವಿಂಡೋಸ್ ಏಳುವಾಗ ಕೇಳುವುದು ಸಾವಿರಾರು ಚಿಕ್ಕ ಫೈಲುಗಳನ್ನು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ, ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಸಾಧಾರಣ ಮಾದರಿಯದೇ ಆದರೂ, ಇಂಥ ಓದುಗಳನ್ನು ಸೆಕೆಂಡಿಗೆ ಹತ್ತಾರು ಸಾವಿರದಷ್ಟು ಮಾಡುತ್ತದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಸೆಕೆಂಡಿಗೆ 550 ಎಂಬಿ ಎಂಬ ಅಂಕಿ ದೊಡ್ಡ ಸಿನಿಮಾ ಫೈಲ್ ನಕಲು ಮಾಡುವಾಗ ಉಪಯೋಗಕ್ಕೆ ಬರುತ್ತದೆ. ದಿನನಿತ್ಯದ ಚುರುಕು ಬರುವುದು ಈ ಚಿಕ್ಕ ಓದುಗಳಿಂದ.

ಹಾಗಾಗಿ ಹಳೆಯ ಯಂತ್ರಕ್ಕೆ ದುಡ್ಡು ಹಾಕುವುದಿದ್ದರೆ ಮೊದಲು ಎಸ್‌ಎಸ್‌ಡಿಗೆ, ಆಮೇಲೆ ರ‍್ಯಾಮ್‌ಗೆ, ಉಳಿದರೆ ಬ್ಯಾಟರಿಗೆ.

ಮೊದಲು ರೋಗ ಯಾವುದು ಎಂದು ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ. ಡಿಸ್ಕ್ 0 ಎಂಬ ಹೆಸರಿನ ಕೆಳಗೆ ಅದು ಎಚ್‌ಡಿಡಿಯೋ ಎಸ್‌ಎಸ್‌ಡಿಯೋ ಎಂದು ವಿಂಡೋಸ್ 10ರ ಈಚಿನ ಆವೃತ್ತಿಗಳು ತಾವೇ ಹೇಳುತ್ತವೆ. ಯಂತ್ರ ಒದ್ದಾಡುತ್ತಿರುವ ಹೊತ್ತಿನಲ್ಲಿ ಡಿಸ್ಕ್ ಶೇ 100 ತೋರಿಸುತ್ತಾ, ಓದುವ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ ಇದ್ದರೆ ರೋಗ ಸಿಕ್ಕಿತು. ಡಿಸ್ಕ್ ಸುಮ್ಮನಿದ್ದು ಸಿಪಿಯು ಶೇ 100ರಲ್ಲಿ ನಿಂತಿದ್ದರೆ ಕಾರಣ ಬೇರೆ. ಫ್ಯಾನಿನಲ್ಲಿ ದೂಳು ತುಂಬಿ ಬಿಸಿಯಾಗಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಂಡಿರಬಹುದು, ಇಲ್ಲವೇ ಏನಾದರೂ ಕಳ್ಳ ಪ್ರೋಗ್ರಾಂ ಒಳಸೇರಿರಬಹುದು. ಅದಕ್ಕೆ ಎಸ್‌ಎಸ್‌ಡಿ ಮದ್ದಲ್ಲ.

ಅದೇ ಪರದೆಯಲ್ಲಿ ಮೆಮೊರಿ ಒತ್ತಿದರೆ ಎಷ್ಟು ರ‍್ಯಾಮ್ ಇದೆ, ಯಾವ ವೇಗದ್ದು, ಎರಡರಲ್ಲಿ ಎಷ್ಟು ಸ್ಲಾಟ್ ತುಂಬಿದೆ ಎಂಬುದೂ ಗೊತ್ತಾಗುತ್ತದೆ. ಬರೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಬೇಕಾಗುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ತಪ್ಪಿಸಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ಹಾರ್ಡ್‌ಡಿಸ್ಕಿನ ಆರೋಗ್ಯ ನೋಡಿ. ಹತ್ತಿಪ್ಪತ್ತು ಸಾಲುಗಳಲ್ಲಿ ಮೂರು ಮುಖ್ಯ: 05, ಸಿ5, ಸಿ6. ಮೊದಲನೆಯದು ಕೆಟ್ಟು ಬದಲಿ ಜಾಗಕ್ಕೆ ಸರಿಸಲಾದ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಪುಟ್ಟ ಹೋಳುಗಳು. ಎರಡನೆಯದು ಓದಲು ತಕರಾರು ಮಾಡುತ್ತ ತೀರ್ಮಾನಕ್ಕೆ ಕಾಯುತ್ತಿರುವವು. ಮೂರನೆಯದು ಓದಲಾಗದೆ ಕೈಬಿಟ್ಟವು. ಮೂರರ ಕಚ್ಚಾ ಮೌಲ್ಯವೂ ಸೊನ್ನೆ ಇರಬೇಕು. ಸಿ5 ಅಥವಾ ಸಿ6 ಸೊನ್ನೆಯಲ್ಲದಿದ್ದರೆ ಡಿಸ್ಕ್ ಕೈಕೊಡುವ ಹಾದಿಯಲ್ಲಿದೆ. ಅಂಥ ಡಿಸ್ಕಿನ ಮೇಲೆ ಡಿಫ್ರಾಗ್, ಚೆಕ್‌ಡಿಸ್ಕ್, ವೈರಸ್ ಸ್ಕ್ಯಾನ್ ಯಾವುದನ್ನೂ ಓಡಿಸಬೇಡಿ, ಮೊದಲು ಫೋಟೊ-ಕಾಗದಪತ್ರ ಹೊರಗೆ ತೆಗೆಯಿರಿ. ಸಿ7 ಏರುತ್ತಿದ್ದರೆ ಗಾಬರಿ ಬೇಡ, ಅದು ಹೆಚ್ಚಾಗಿ ಕೇಬಲ್ ಸಡಿಲವಾಗಿದ್ದರ ಗುರುತು.

ಏನು ಕೊಳ್ಳಬೇಕು

ಲ್ಯಾಪ್‌ಟಾಪಿನ ತಳದಲ್ಲಿರುವ ಪೂರ್ತಿ ಮಾಡೆಲ್ ಸಂಖ್ಯೆ ಹಿಡಿದು ತಯಾರಕರ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಡೆಲ್, ಎಚ್‌ಪಿ, ಲೆನೊವೊ ಮೂವರೂ ಪಿಡಿಎಫ್ ಕೊಟ್ಟಿದ್ದಾರೆ. ಯಾವ ಸ್ಕ್ರೂ ಎಲ್ಲಿದೆ ಎಂಬ ಚಿತ್ರವೂ ಅದರಲ್ಲೇ ಇರುತ್ತದೆ.

ಹಳೆಯ ಯಂತ್ರಗಳಲ್ಲಿ ಇರುವುದು ಎರಡೂವರೆ ಇಂಚಿನ ಸಾಟಾ ಡಿಸ್ಕ್. ಹಾರ್ಡ್‌ಡಿಸ್ಕ್ 9.5 ಮಿಮೀ ಇಲ್ಲವೇ 7 ಮಿಮೀ ದಪ್ಪ ಇರುತ್ತದೆ. ಎರಡೂವರೆ ಇಂಚಿನ ಎಸ್‌ಎಸ್‌ಡಿಗಳು ಹೆಚ್ಚೂಕಡಿಮೆ ಎಲ್ಲವೂ 7 ಮಿಮೀ. 9.5ರ ಜಾಗದಲ್ಲಿ 7ರದು ಅಲ್ಲಾಡುತ್ತದೆ. ಅದಕ್ಕೆ ಪ್ಲಾಸ್ಟಿಕ್ ಸ್ಪೇಸರ್ ಸಿಗುತ್ತದೆ, ಸಿಗದಿದ್ದರೆ ಅಷ್ಟೇ ದಪ್ಪದ ರಟ್ಟಿನ ಪಟ್ಟಿ ಸಾಕು. ಆದರೆ ಅಲ್ಲಾಡಲು ಬಿಡಬೇಡಿ, ಕನೆಕ್ಟರ್ ಸವೆದು ಆರು ತಿಂಗಳಲ್ಲಿ ಡಿಸ್ಕ್ ಕಾಣುತ್ತಿಲ್ಲ ಎಂಬ ರಗಳೆ ಶುರುವಾಗುತ್ತದೆ.

ಏಳು-ಎಂಟನೇ ತಲೆಮಾರಿನ ಇಂಟೆಲ್ ಯಂತ್ರಗಳಲ್ಲಿ ಹಾರ್ಡ್‌ಡಿಸ್ಕಿನ ಜೊತೆಗೆ ಕಡ್ಡಿಯಾಕಾರದ ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟ್ ಖಾಲಿ ಇರುವುದುಂಟು. ಜನ ಹೆಚ್ಚು ಎಡವುವುದು ಇಲ್ಲೇ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದರೊಳಗೆ ಹರಿಯುವುದು ಸಾಟಾ ಸಂಕೇತವೂ ಆಗಿರಬಹುದು, ಅದಕ್ಕಿಂತ ವೇಗದ ಎನ್‌ವಿಎಂಇಯೂ ಆಗಿರಬಹುದು. ಕೆಲವು ಯಂತ್ರಗಳು ಎರಡನ್ನೂ ಒಪ್ಪುತ್ತವೆ, ಕೆಲವು ಒಂದನ್ನೇ. ಸಾಟಾ ಮಾತ್ರ ಒಪ್ಪುವ ಸ್ಲಾಟಿಗೆ ಎನ್‌ವಿಎಂಇ ಕಡ್ಡಿ ಹಾಕಿದರೆ ಅದು ಅಂದವಾಗಿ ಕೂತರೂ ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲಿನ, ಯಂತ್ರದ್ದೇ ಸೆಟ್ಟಿಂಗ್ ಪರದೆ) ಕಾಣಿಸುವುದೇ ಇಲ್ಲ. ಸಾಮಾನ್ಯವಾಗಿ ಸಾಟಾ ಕಡ್ಡಿಗೆ ಎರಡು ಕಚ್ಚು, ಎನ್‌ವಿಎಂಇಗೆ ಒಂದು ಕಚ್ಚು ಇರುತ್ತದೆ, ಆದರೂ ಕಚ್ಚು ನೋಡಿ ಕೊಳ್ಳಬೇಡಿ, ಮ್ಯಾನ್ಯುಯಲ್ ನೋಡಿ ಕೊಳ್ಳಿ. ಉದ್ದವೂ ಮುಖ್ಯ. 2280 ಎಂದರೆ 22 ಮಿಮೀ ಅಗಲ, 80 ಮಿಮೀ ಉದ್ದ. 2242 ಎಂದರೆ 42 ಮಿಮೀ ಉದ್ದ. ಇನ್ನೊಂದು ಚಿಕ್ಕ ಸ್ಲಾಟ್ ಕಂಡರೆ ಅದು ವೈಫೈ ಕಾರ್ಡಿನದು, ಡಿಸ್ಕಿಗಲ್ಲ.

ತದ್ವಿರುದ್ಧದ ತೊಂದರೆಯೂ ಇದೆ. ಎಂ.2 ಎಸ್‌ಎಸ್‌ಡಿಯೊಂದಿಗೆ ಬಂದ ಮಾಡೆಲ್‌ನಲ್ಲಿ ಎರಡೂವರೆ ಇಂಚಿನ ಜಾಗ ಖಾಲಿ ಇದ್ದರೂ, ಅದಕ್ಕೆ ಬೇಕಾದ ತೆಳು ಪಟ್ಟಿ ಕೇಬಲ್ಲು, ಲೋಹದ ಚೌಕಟ್ಟು ಕಂಪನಿ ಹಾಕಿರುವುದಿಲ್ಲ. ಮೊದಲೇ ತೆರೆದು ನೋಡಿ, ಬೇಕಿದ್ದರೆ ಮಾಡೆಲ್ ಸಂಖ್ಯೆ ಹೇಳಿ ಕೇಬಲನ್ನೂ ಜೊತೆಗೇ ತರಿಸಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಂಥ ಬಿಡಿಭಾಗ ಹುಡುಕಿದರೆ ಸಿಗುತ್ತವೆ. ಹಳೆಯ ಪೀಸನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಗಾತ್ರ? ಬರೀ ಬ್ರೌಸರು, ವರ್ಡು, ಮಕ್ಕಳ ಆನ್‌ಲೈನ್ ಪಾಠಕ್ಕಾದರೆ 256 ಜಿಬಿ ನಡೆಯುತ್ತದೆ. ನನ್ನ ಸಲಹೆ 500 ಜಿಬಿ. 120 ಜಿಬಿಯದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ, ವಿಂಡೋಸ್ ಅಪ್‌ಡೇಟ್‌ಗಳೇ ಅದನ್ನು ತಿಂದು ಮುಗಿಸುತ್ತವೆ. 500 ಜಿಬಿ ಎಂದು ಕೊಂಡದ್ದು ವಿಂಡೋಸ್‌ನಲ್ಲಿ 465 ಎಂದು ಕಂಡರೆ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ ಅದು.

ಬಾಳಿಕೆಯ ಬಗ್ಗೆ ಅನಗತ್ಯ ಭಯವಿದೆ. ಸ್ಯಾಮ್‌ಸಂಗ್ 870 ಈವೊ 500 ಜಿಬಿಗೆ ಕಂಪನಿ ಹೇಳುವ ಬರಹದ ಮಿತಿ 300 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ ಆಗುತ್ತದೆ, ಅಂದರೆ ನಲವತ್ತು ವರ್ಷದ ಲೆಕ್ಕ. ಅಷ್ಟರೊಳಗೆ ಲ್ಯಾಪ್‌ಟಾಪಿನ ಹಿಂಜ್ ಮುರಿದಿರುತ್ತದೆ. ಭಯಪಡಬೇಕಾದದ್ದು ನಕಲಿ ಮಾಲಿಗೆ. ಹೆಸರೇ ಕೇಳದ ಬ್ರ್ಯಾಂಡಿನ 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಸಿನಿಮಾ ಟಿಕೆಟಿನ ಬೆಲೆಗೆ ಸಿಕ್ಕರೆ ಒಳಗಿರುವುದು ಒಂದು ಚಿಕ್ಕ ಮೆಮೊರಿ ಕಾರ್ಡು, ಸುಳ್ಳು ಗಾತ್ರ ಹೇಳುವಂತೆ ತಿದ್ದಿದ ಚಿಪ್ಪು, ಅಷ್ಟೆ. ನಿಜವಾದ ಗಾತ್ರ ತುಂಬಿದ ಮೇಲೆ ಹೊಸ ಫೈಲ್ ಹಳೆಯದರ ಮೇಲೆಯೇ ಬರೆಯಲ್ಪಡುತ್ತದೆ, ಎಚ್ಚರಿಕೆಯೂ ಬರುವುದಿಲ್ಲ. ಅನುಮಾನವಿದ್ದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಬರೆದು ಪೂರ್ತಿ ಓದಿಸಿ ನೋಡಿ, ಬಣ್ಣ ಬಯಲಾಗುತ್ತದೆ.

ರ‍್ಯಾಮ್ ಕೊಳ್ಳುವಾಗ ಡಿಡಿಆರ್3, ಡಿಡಿಆರ್3ಎಲ್, ಡಿಡಿಆರ್4 ಯಾವುದು ಎಂದು ಖಚಿತ ಮಾಡಿಕೊಳ್ಳಿ. ಡಿಡಿಆರ್3ಗೆ 1.5 ವೋಲ್ಟ್, ಎಲ್ ಇರುವುದಕ್ಕೆ 1.35 ವೋಲ್ಟ್. ಎರಡರ ಕಚ್ಚೂ ಒಂದೇ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಆದರೆ ನಾಲ್ಕನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್‌ಗಳಿಂದ ಈಚೆಗೆ ಎಲ್ ಇರುವುದೇ ಬೇಕು. ಬರೀ ಡಿಡಿಆರ್3 ಹಾಕಿದರೆ ಪರದೆ ಕಪ್ಪಾಗಿಯೇ ಉಳಿದು ಬೀಪ್ ಹೊಡೆಯುತ್ತದೆ. 260 ಪಿನ್ನಿನ ಡಿಡಿಆರ್4 ಅಂತೂ 204 ಪಿನ್ನಿನ ಸ್ಲಾಟಿನಲ್ಲಿ ಕೂರುವುದೇ ಇಲ್ಲ, ಬಲ ಹಾಕಬೇಡಿ. ಈಗ 4 ಜಿಬಿ ಇದ್ದರೆ 8 ಮಾಡಿ. 8ರಿಂದ 16ಕ್ಕೆ ಹೋಗುವುದು ಬ್ರೌಸರಿನಲ್ಲಿ ನಲವತ್ತು ಟ್ಯಾಬ್ ಬಿಡಿಸಿಟ್ಟುಕೊಳ್ಳುವವರಿಗೆ ಮಾತ್ರ.

ಬ್ಯಾಕಪ್: ಜನ ಮರೆಯುವ ಜಾಗಗಳು

ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಡೆಸ್ಕ್‌ಟಾಪ್ ಮೇಲೆ ಹರಡಿರುವ ಫೈಲುಗಳು, ಡೌನ್‌ಲೋಡ್ಸ್‌ನಲ್ಲಿ ಹಾಗೇ ಬಿಟ್ಟ ಆಧಾರ್, ಪಹಣಿ, ಅಂಕಪಟ್ಟಿಯ ಪಿಡಿಎಫ್‌ಗಳು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಔಟ್‌ಲುಕ್ಕಿನ ಇಮೇಲುಗಳಿರುವ ಪಿಎಸ್‌ಟಿ ಫೈಲು. ಟ್ಯಾಲಿ ಇದ್ದರೆ ಅದರ ಡೇಟಾ ಫೋಲ್ಡರ್ ಎಲ್ಲಿದೆ ಎಂದು ತಂತ್ರಾಂಶದೊಳಗೇ ನೋಡಿ ಪೂರ್ತಿ ನಕಲು ಮಾಡಿ, ಲೈಸೆನ್ಸನ್ನು ಅದರ ಮೆನುವಿನಿಂದಲೇ ಸರೆಂಡರ್ ಮಾಡಿಕೊಂಡು ಆಮೇಲೆ ಡಿಸ್ಕ್ ಮುಟ್ಟಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸವಿದೆ. ನುಡಿ ಅಥವಾ ಬರಹದಲ್ಲಿ ಹಳೆಯ ಆಸ್ಕಿ ಫಾಂಟ್ ಬಳಸಿ ಮಾಡಿದ ಪತ್ರ, ಕರಪತ್ರ, ಪ್ರಶ್ನೆಪತ್ರಿಕೆಗಳಿದ್ದರೆ ಆ ಫಾಂಟುಗಳನ್ನೂ ತೆಗೆದಿಟ್ಟುಕೊಳ್ಳಲೇಬೇಕು. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿವೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂದು ಟೈಪಿಸಿದ್ದ ಕಡೆ ಒಂದು ದೊಡ್ಡ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಕೊನೆಯ ಹತ್ತಿರ ಒಂದು ಚಿಕ್ಕ ಕ್ಯೂ, ಹೀಗೆ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಅಳಿಸಿಹಾಕಿದವರಿದ್ದಾರೆ. ಸರ್ಕಾರಿ ಕಚೇರಿಗಳ ಕಾಗದಗಳಲ್ಲಿ ಹೆಚ್ಚಾಗಿ ಕಾಣುವ ‘ನುಡಿ 01 ಇ’ ಈ ಗುಂಪಿನದೇ. ಸೆಟ್ಟಿಂಗ್ಸ್‌ನ ಪರ್ಸನಲೈಸೇಶನ್ ಒಳಗೆ ಫಾಂಟ್ಸ್ ತೆರೆದು ನುಡಿ, ಬಿಆರ್‌ಎಚ್ (ಬರಹದವು) ಎಂದು ಹುಡುಕಿ ಏನೇನಿದೆ ನೋಡಿ. ಫೈಲುಗಳು ಸಾಮಾನ್ಯವಾಗಿ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಲ್ಲಿರುತ್ತವೆ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ಒಬ್ಬ ಬಳಕೆದಾರನಿಗಷ್ಟೇ ಹಾಕಿಕೊಂಡ ಫಾಂಟು ಬಳಕೆದಾರನ ಆ್ಯಪ್‌ಡೇಟಾ ಫೋಲ್ಡರಿನೊಳಗೆ ಅಡಗಿರುತ್ತದೆ, ಅಲ್ಲಿಯೂ ನೋಡಿ. ಯುನಿಕೋಡ್‌ನಲ್ಲಿ ಬರೆದ ಫೈಲುಗಳಿಗೆ ಈ ತಾಪತ್ರಯವಿಲ್ಲ. ಕನ್ನಡ ತೋರಿಸುವ ನಿರ್ಮಲಾ ಫಾಂಟು ವಿಂಡೋಸ್ ಜೊತೆಗೇ ಬರುತ್ತದೆ.

ಇನ್ನು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸ್ ಸೌಲಭ್ಯ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಕೆಲವು ಯಂತ್ರಗಳಲ್ಲಿ ನೀವು ಕೇಳದೆಯೇ ಡಿಸ್ಕ್ ಗೂಢಲಿಪಿಯಾಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ. ಇದ್ದರೆ ಆಫ್ ಮಾಡಿ ಪೂರ್ತಿ ಮುಗಿಯುವತನಕ ಕಾಯಿರಿ. ಆಫ್ ಮಾಡುವುದು ಬೇಡವಾದರೆ 48 ಅಂಕಿಯ ರಿಕವರಿ ಕೀಯನ್ನು ಖಾತೆಯ ಪುಟದಿಂದ ತೆಗೆದು ಕಾಗದದ ಮೇಲೆ ಬರೆದಿಡಿ. ಆ ಕೀ ಇಲ್ಲದೆ ಹಳೆಯ ಡಿಸ್ಕನ್ನು ಹೊರಗಿನ ಯುಎಸ್‌ಬಿ ಡಬ್ಬಿಗೆ ಹಾಕಿ ಓದಲು ಹೋದರೆ ಏನೂ ಸಿಗುವುದಿಲ್ಲ, ಯಾವ ಅಂಗಡಿಯವರಿಂದಲೂ ಆಗುವುದಿಲ್ಲ.

ನಕಲು ಮಾಡಬೇಕೋ, ಹೊಸದಾಗಿ ಹಾಕಬೇಕೋ

ಹೊಸದಾಗಿ ವಿಂಡೋಸ್ ಹಾಕುವುದೇ ಮೇಲು. ಹತ್ತು ವರ್ಷದ ಕಸ, ಅರೆಬರೆ ಅಳಿಸಿದ ಆ್ಯಂಟಿವೈರಸ್, ಸತ್ತ ಪ್ರಿಂಟರುಗಳ ಡ್ರೈವರು ಇವನ್ನೆಲ್ಲ ಹೊಸ ಡಿಸ್ಕಿಗೆ ಹೊತ್ತೊಯ್ಯಬೇಕಾಗಿಲ್ಲ. ಸಿಡಿ ಕಳೆದುಹೋದ ತಂತ್ರಾಂಶ, ಮತ್ತೆ ಸಿಗದ ಲೈಸೆನ್ಸ್ ಇದ್ದವರು ಮಾತ್ರ ಕ್ಲೋನ್ ಮಾಡಿ, ಅಂದರೆ ಹಳೆಯ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ನಕಲಿಸಿ. ಸಿ5, ಸಿ6 ಏರಿದ ಡಿಸ್ಕನ್ನು ಸಾಮಾನ್ಯ ಕ್ಲೋನ್ ತಂತ್ರಾಂಶಕ್ಕೆ ಕೊಡಬೇಡಿ. ಅದು ಕೆಟ್ಟ ಸೆಕ್ಟರಿನಲ್ಲಿ ಸಿಕ್ಕಿಕೊಂಡು ಗಂಟೆಗಟ್ಟಲೆ ಅದನ್ನೇ ಕೆರೆಯುತ್ತದೆ. ಅಂಥದ್ದಕ್ಕೆ ಓದಲಾಗುವುದನ್ನೆಲ್ಲ ಮೊದಲು ಎತ್ತಿ, ಕೆಟ್ಟ ಜಾಗಗಳನ್ನು ಕೊನೆಗೆ ಪ್ರಯತ್ನಿಸುವ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ.

ಕ್ಲೋನ್ ಮಾಡುವವರು ಹೊಸ ಎಸ್‌ಎಸ್‌ಡಿಯನ್ನು ಸಾಟಾದಿಂದ ಯುಎಸ್‌ಬಿ 3.0ಗೆ ಬದಲಿಸುವ ಡಬ್ಬಿಯಲ್ಲಿ ಹಾಕಿ ಜೋಡಿಸಿ. ಎರಡೂವರೆ ಇಂಚಿನದಕ್ಕೆ ಯುಎಸ್‌ಬಿಯ 5 ವೋಲ್ಟ್ ಸಾಕು, ಬೇರೆ ಅಡಾಪ್ಟರ್ ಬೇಡ. ಸ್ಯಾಮ್‌ಸಂಗ್, ಕ್ರೂಶಿಯಲ್, ಡಬ್ಲ್ಯುಡಿ ತಮ್ಮ ಡಿಸ್ಕ್ ಕೊಂಡವರಿಗೆ ಕ್ಲೋನ್ ತಂತ್ರಾಂಶ ಉಚಿತವಾಗಿ ಕೊಡುತ್ತವೆ, 1 ಟಿಬಿ ಹಾರ್ಡ್‌ಡಿಸ್ಕಿನಿಂದ 500 ಜಿಬಿ ಎಸ್‌ಎಸ್‌ಡಿಗೆ ಹೋಗುವವರಿಗೆ ಅವೇ ಸುಲಭ, ತುಂಬಿರುವ ಮಾಹಿತಿ ಹಿಡಿಸಿದರೆ ಆಯಿತು. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ ಹಾಗಲ್ಲ. ಗುರಿ ಡಿಸ್ಕ್ ಮೂಲದಷ್ಟೇ ಅಥವಾ ದೊಡ್ಡದಿರಬೇಕು ಎಂದು ಅದು ಹಟ ಹಿಡಿಯುತ್ತದೆ. ಯಾವುದನ್ನೇ ಬಳಸಿ, ಶುರು ಒತ್ತುವ ಮುನ್ನ ಮೂಲ ಯಾವುದು, ಗುರಿ ಯಾವುದು ಎಂದು ಗಾತ್ರ ಮತ್ತು ಮಾಡೆಲ್ ಎರಡನ್ನೂ ಓದಿ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಕ್ಲೋನ್ ಮಾಡಿದರೆ ಹಿಂದಕ್ಕೆ ಬರುವ ದಾರಿಯೇ ಇಲ್ಲ. 200 ಜಿಬಿ ಮಾಹಿತಿಗೆ ಸೆಕೆಂಡಿಗೆ 60 ಎಂಬಿ ವೇಗ ಹಿಡಿದರೂ ಸುಮಾರು ಒಂದು ಗಂಟೆ ಬೇಕು. ಹಳೆಯ ಯಂತ್ರದ ಬ್ಯಾಟರಿ ಹೆಸರಿಗಷ್ಟೇ ಇರುತ್ತದೆ, ಹಾಗಾಗಿ ಕರೆಂಟು ಕೈಕೊಡುವ ಹೊತ್ತು ಬಿಟ್ಟು ಯುಪಿಎಸ್ ಇರುವ ಪ್ಲಗ್ಗಿಗೆ ಹಾಕಿ ಶುರುಮಾಡಿ.

ಕ್ಲೋನ್ ಮುಗಿದ ಮೇಲೆ ಎರಡೂ ಡಿಸ್ಕ್ ಜೋಡಿಸಿಟ್ಟುಕೊಂಡೇ ವಿಂಡೋಸ್ ಎಬ್ಬಿಸಬೇಡಿ. ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ಮತ್ತೆ ಹಳೆಯ ಡಿಸ್ಕಿನಿಂದಲೇ ಏಳುತ್ತದೆ. ಮೊದಲ ಸಲ ಹೊಸದು ಒಂಟಿಯಾಗಿಯೇ ಏಳಲಿ.

ತೆರೆಯುವುದು, ಬದಲಿಸುವುದು

ಬೇಕಾದ ಸಾಮಾನು: ಪಿಎಚ್0 ಮತ್ತು ಪಿಎಚ್1 ಸ್ಕ್ರೂಡ್ರೈವರ್, ಹಳೆಯ ಸಿಮ್ ಕಾರ್ಡಿನ ಪ್ಲಾಸ್ಟಿಕ್ ಚೌಕಟ್ಟು ಅಥವಾ ಗಿಟಾರ್ ಪಿಕ್, ಮೆತ್ತನೆ ಬ್ರಶ್, ಸೆಲ್ಲೋಟೇಪು, ಒಂದು ಬಿಳಿ ಹಾಳೆ. ಕಬ್ಬಿಣದ ಚಾಕು ದೂರ ಇಡಿ.

1. ಸ್ಟಾರ್ಟ್ ಮೆನುವಿನಲ್ಲಿ ಶಟ್‌ಡೌನ್ ಒತ್ತುವಾಗ ಶಿಫ್ಟ್ ಕೀ ಹಿಡಿದುಕೊಂಡಿರಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಕಾರಣ ವಿಂಡೋಸ್ ಪೂರ್ತಿ ಆಫ್ ಆಗದೆ ಅರ್ಧ ನಿದ್ದೆಯಲ್ಲಿರುತ್ತದೆ. ಚಾರ್ಜರ್ ಕಿತ್ತು, ಹೊರಗಿನಿಂದಲೇ ತೆಗೆಯುವ ಬ್ಯಾಟರಿಯಾದರೆ ಅದನ್ನೂ ತೆಗೆದು, ಪವರ್ ಬಟನನ್ನು 20 ಸೆಕೆಂಡು ಒತ್ತಿ ಹಿಡಿಯಿರಿ.

2. ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಗೀಚಿಕೊಂಡು, ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಅದರ ಜಾಗದಲ್ಲೇ ಟೇಪಿನಿಂದ ಅಂಟಿಸಿ. ಒಂದೇ ತಳದಲ್ಲಿ ಮೂರು ಉದ್ದದ ಸ್ಕ್ರೂಗಳಿರುತ್ತವೆ. ಉದ್ದದ್ದನ್ನು ಗಿಡ್ಡ ತೂತಿಗೆ ತಿರುಗಿಸಿದರೆ ಕೀಬೋರ್ಡಿನ ಪಕ್ಕ ಕೈ ಊರುವ ಜಾಗದಲ್ಲಿ ಗುಳ್ಳೆ ಏಳುತ್ತದೆ, ಕೆಲವೊಮ್ಮೆ ಮದರ್‌ಬೋರ್ಡೇ ಸೀಳುತ್ತದೆ.

3. ಡಿವಿಡಿ ಡ್ರೈವ್ ಇದ್ದರೆ ಅದನ್ನು ಹಿಡಿದಿರುವ ಒಂಟಿ ಸ್ಕ್ರೂ ಬಿಚ್ಚಿ ಡ್ರೈವನ್ನು ಹೊರಗೆಳೆಯಿರಿ. ಎಸ್‌ಡಿ ಕಾರ್ಡಿನ ಜಾಗದ ನಕಲಿ ಪ್ಲಾಸ್ಟಿಕ್ಕನ್ನೂ ತೆಗೆಯಿರಿ. ಎಲ್ಲ ಬಿಚ್ಚಿದರೂ ತಳ ಏಳದಿದ್ದರೆ ರಬ್ಬರ್ ಪಾದಗಳ ಕೆಳಗೆ, ಡಿವಿಡಿ ಜಾಗದ ಒಳ ಅಂಚಿನಲ್ಲಿ, ಕೆಲವು ಮಾಡೆಲ್‌ನಲ್ಲಿ ಕೀಬೋರ್ಡಿನ ಅಡಿಯಲ್ಲಿ ಅಡಗಿದ ಸ್ಕ್ರೂ ಇದೆ ಎಂದೇ ಅರ್ಥ. ಎಳೆಯಬೇಡಿ, ಹುಡುಕಿ.

4. ಪಿಕ್ಕನ್ನು ಅಂಚಿನ ಸಂದಿಗೆ ತೂರಿಸಿ ನಿಧಾನವಾಗಿ ಸರಿಸುತ್ತ ಹೋಗಿ. ಕ್ಲಿಪ್ಪುಗಳು ಟಕ್ ಎಂದು ಬಿಡುವ ಸದ್ದಿಗೆ ಹೆದರಬೇಡಿ. ಯುಎಸ್‌ಬಿ, ಎಚ್‌ಡಿಎಂಐ ಇರುವ ಬದಿ ಕೊನೆಗಿರಲಿ, ಅಲ್ಲಿ ತಳ ಪೋರ್ಟಿಗೆ ಸಿಕ್ಕಿಕೊಂಡಿರುತ್ತದೆ.

5. ಒಳಗಿನ ಬ್ಯಾಟರಿಯಾದರೆ ಮೊದಲ ಕೆಲಸ ಅದರ ಕನೆಕ್ಟರ್ ಬಿಡಿಸುವುದು. ಎರಡೂ ಬದಿಯ ಕಿವಿಗಳನ್ನು ಉಗುರಿನಿಂದ ಸರಿಸಿ, ವೈರು ಹಿಡಿದು ಎಳೆಯಬೇಡಿ. ಬ್ಯಾಟರಿ ದಿಂಬಿನಂತೆ ಉಬ್ಬಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಬ್ಯಾಟರಿ ಬದಲಾಯಿಸಿಕೊಂಡು ಮುಂದುವರಿಯಿರಿ.

6. ಡಿಸ್ಕನ್ನು ಮುಟ್ಟುವ ಮೊದಲು ನಲ್ಲಿ ಪೈಪಿನಂಥ ನೆಲಕ್ಕೆ ತಾಗಿದ ಲೋಹವನ್ನು ಒಮ್ಮೆ ಮುಟ್ಟಿ. ಕರಾವಳಿಯ ತೇವದ ಹವೆಯಲ್ಲಿ ಸ್ಥಾಯಿ ವಿದ್ಯುತ್ತಿನ ಕಾಟ ಕಡಿಮೆ. ಚಳಿಗಾಲದ ಒಣಹವೆಯಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಕಡೆಯವರು ಉಣ್ಣೆ ಸ್ವೆಟರ್ ಕಳಚಿಟ್ಟೇ ಕೂರಬೇಕು.

7. ಹಳೆಯ ಡಿಸ್ಕನ್ನು ಚೌಕಟ್ಟಿನ ಸಮೇತ ಕನೆಕ್ಟರಿನಿಂದ ಹಿಂದಕ್ಕೆ ಸರಿಸಿ ತೆಗೆಯಿರಿ, ಮೇಲಕ್ಕೆ ಎತ್ತಿದರೆ ಕನೆಕ್ಟರ್ ಮುರಿಯುತ್ತದೆ. ಚೌಕಟ್ಟಿನ ನಾಲ್ಕು ಎಂ3 ಸ್ಕ್ರೂ ಬಿಚ್ಚಿ ಎಸ್‌ಎಸ್‌ಡಿಗೆ ಹಾಕಿ, ಅದೇ ದಿಕ್ಕಿನಲ್ಲಿ ಒಳಗೆ ತಳ್ಳಿ. ಎಂ.2 ಕಡ್ಡಿಯಾದರೆ 30 ಡಿಗ್ರಿ ಓರೆಯಾಗಿ ತೂರಿಸಿ, ಕೆಳಗೆ ಒತ್ತಿ, ತುದಿಗೆ ಎಂ2 ಅಳತೆಯ (2 ಮಿಮೀ ದಪ್ಪದ) ಸ್ಕ್ರೂ ಹಾಕಿ. ಈ ಸ್ಕ್ರೂ ಎಸ್‌ಎಸ್‌ಡಿ ಡಬ್ಬದಲ್ಲಿ ಬಹಳ ಸಲ ಇರುವುದಿಲ್ಲ. ಮೊದಲೇ ಕೊಂಡಿಟ್ಟುಕೊಳ್ಳಿ.

ತೆರೆದಾಗಲೇ ಫ್ಯಾನಿನ ಕೆಲಸವನ್ನೂ ಮುಗಿಸಿ. ದೂಳು ಫ್ಯಾನಿನ ರೆಕ್ಕೆಗಳಲ್ಲಿರುವುದಕ್ಕಿಂತ ಹೆಚ್ಚಾಗಿ, ಫ್ಯಾನಿಗೂ ತಾಮ್ರದ ಕೊಳವೆಯ ತುದಿಯ ಜಾಲರಿಗೂ ನಡುವೆ ಹಾಸಿಗೆಯಂತೆ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಅಲ್ಲೇ ಇನ್ನಷ್ಟು ಒತ್ತೊತ್ತಾಗುತ್ತದೆ. ಫ್ಯಾನಿನ ಸ್ಕ್ರೂ ಬಿಚ್ಚಿ ಎತ್ತಿ, ಆ ಪದರವನ್ನು ಚಿಮಟದಿಂದ ಹಿಡಿದು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ರೆಕ್ಕೆ ತಿರುಗದಂತೆ ಬೆರಳಿಟ್ಟುಕೊಳ್ಳಿ, ಅತಿ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಪ್ಲಾಸ್ಟಿಕ್ ಮೂತಿ ಸ್ಥಾಯಿ ವಿದ್ಯುತ್ ಹುಟ್ಟಿಸುತ್ತದೆ.

ಮುಚ್ಚುವಾಗ ಎಲ್ಲ ಸ್ಕ್ರೂ ಹಾಕುವ ಮೊದಲು ಎರಡೇ ಹಾಕಿ ಆನ್ ಮಾಡಿ, ಬಯೋಸ್‌ನಲ್ಲಿ ಹೊಸ ಡಿಸ್ಕಿನ ಹೆಸರೂ ಪೂರ್ತಿ ರ‍್ಯಾಮೂ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಮತ್ತೆ ತೆಗೆದು ಗಟ್ಟಿಯಾಗಿ ಕೂರಿಸಿ. ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಪರದೆ ಬರಲು ಅರ್ಧ-ಒಂದು ನಿಮಿಷ ಹಿಡಿಯುವುದುಂಟು, ಅವಸರದಲ್ಲಿ ಆಫ್ ಮಾಡಬೇಡಿ.

ವಿಂಡೋಸ್ ಹಾಕುವುದು

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್ ಬೇರೊಂದು ಕಂಪ್ಯೂಟರಿನಲ್ಲಿ ಓಡಿಸಿ ಅದನ್ನು ತಯಾರಿಸಿಕೊಳ್ಳಿ. ಯಾವ ಡಿಸ್ಕಿನಿಂದ ಏಳಬೇಕೆಂದು ಆರಿಸುವ ಬೂಟ್ ಮೆನುವಿಗೆ ಡೆಲ್, ಲೆನೊವೊಗಳಲ್ಲಿ ಎಫ್ 12, ಎಚ್‌ಪಿಯಲ್ಲಿ ಎಫ್ 9, ಆಸೂಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್ 12, ಆದರೆ ಬಹಳ ಮಾಡೆಲ್‌ಗಳಲ್ಲಿ ಮೊದಲು ಬಯೋಸ್ ಒಳಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕು.

ಬೂಟ್ ಮೆನುವಿನಲ್ಲಿ ಪೆನ್‌ಡ್ರೈವಿನ ಹೆಸರು ಎರಡು ಸಲ ಕಂಡರೆ ಯುಇಎಫ್‌ಐ (ಹೊಸ ಬಗೆಯ ಬೂಟ್ ಕ್ರಮ) ಎಂದಿರುವುದನ್ನು ಆರಿಸಿ. ಡಿಸ್ಕ್ ಆರಿಸುವ ಪರದೆಯಲ್ಲಿ ಹೊಸ ಎಸ್‌ಎಸ್‌ಡಿ ಅನ್‌ಅಲೊಕೇಟೆಡ್ ಎಂದು ಕಾಣುತ್ತದೆ. ಅದನ್ನೇ ಆರಿಸಿ ನೆಕ್ಸ್ಟ್ ಒತ್ತಿದರೆ ಸಾಕು, ನೀವು ಪಾರ್ಟಿಷನ್ ಮಾಡಬೇಕಿಲ್ಲ. ಸಿ, ಡಿ, ಇ ಎಂದು ಮೂರು ಹೋಳು ಮಾಡುವ ಹಳೆಯ ಚಾಳಿಯಿಂದ ಎಸ್‌ಎಸ್‌ಡಿಯಲ್ಲಿ ಪ್ರಯೋಜನವಿಲ್ಲ, ಸಿ ತುಂಬಿ ಡಿ ಖಾಲಿ ಉಳಿಯುವುದೊಂದೇ ಫಲ. ಎಂಬಿಆರ್, ಜಿಪಿಟಿ (ಡಿಸ್ಕಿನ ಹೋಳುಗಳನ್ನು ದಾಖಲಿಸುವ ಹಳೆಯ ಮತ್ತು ಹೊಸ ಪದ್ಧತಿ) ಎಂಬ ತಕರಾರಿನ ಸಂದೇಶ ಬಂದರೆ ಪೆನ್‌ಡ್ರೈವು ಎದ್ದಿರುವ ಬೂಟ್ ಕ್ರಮಕ್ಕೆ ಡಿಸ್ಕಿನ ಪದ್ಧತಿ ಹೊಂದುತ್ತಿಲ್ಲ ಎಂದರ್ಥ. ಡಿಸ್ಕ್ ನಿಜಕ್ಕೂ ಹೊಸದಾಗಿದ್ದರೆ ಅದರ ಮೇಲಿನ ಪಾರ್ಟಿಷನ್ನುಗಳನ್ನೆಲ್ಲ ಅಳಿಸಿ, ಯುಇಎಫ್‌ಐ ಕ್ರಮದಲ್ಲಿ ಮತ್ತೆ ಶುರುಮಾಡಿ.

ಪ್ರಾಡಕ್ಟ್ ಕೀ ಕೇಳಿದರೆ ಕೀ ಇಲ್ಲ ಎನ್ನುವ ಆಯ್ಕೆ ಒತ್ತಿ. ವಿಂಡೋಸ್ 8 ಅಥವಾ 10 ಜೊತೆಗೇ ಬಂದ ಬ್ರ್ಯಾಂಡೆಡ್ ಲ್ಯಾಪ್‌ಟಾಪ್‌ಗಳ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ. ಡಿಸ್ಕ್ ಬದಲಾದರೆ ಲೈಸೆನ್ಸ್ ಹೋಗುವುದಿಲ್ಲ, ಅದೇ ಆವೃತ್ತಿ ಹಾಕಿ ನೆಟ್‌ಗೆ ಸೇರಿಸಿದರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಹೋಮ್ ಇದ್ದ ಯಂತ್ರಕ್ಕೆ ಪ್ರೊ ಹಾಕಿದರೆ ಮಾತ್ರ ಆಗುವುದಿಲ್ಲ.

ಯಾವ ವಿಂಡೋಸ್ ಎಂಬುದು ಈಗ ನಿಜವಾದ ಪ್ರಶ್ನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಹೆಸರು ಹಚ್ಚಿದ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರ ತನಕ ಅವಕಾಶ ಎಂದು ಕಂಪನಿ ಘೋಷಿಸಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಸೆಕ್ಯೂರ್ ಬೂಟ್, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರು ಬೇಕು. ಅದಕ್ಕಿಂತ ಹಿಂದಿನವಕ್ಕೆ ನಿರ್ಬಂಧ ತಪ್ಪಿಸಿ ಹಾಕುವ ಉಪಾಯಗಳಿವೆ, ಆದರೆ ಮುಂದಿನ ಅಪ್‌ಡೇಟ್ ಬರುತ್ತದೆಂಬ ಖಾತರಿ ಇಲ್ಲ. ಬ್ಯಾಂಕಿನ ಕೆಲಸ ಮಾಡುವ ಯಂತ್ರಕ್ಕೆ ಅದು ಬೇಡ.

ಅಂಥ ಯಂತ್ರಕ್ಕೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಒಳ್ಳೆಯ ಮನೆ. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಇದ್ದರೆ ಸಿನಮನ್. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾರತೀಯ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡ ಕಗಪ ಸಿಗುತ್ತದೆ, ನುಡಿ ಕೀಲಿಮಣೆಗೆ ಒಗ್ಗಿದ ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ. ಗುಬ್ಬಿ, ನವಿಲು ಫಾಂಟುಗಳು ಸಾಫ್ಟ್‌ವೇರ್ ಮಳಿಗೆಯಲ್ಲೇ ಇವೆ. ತೆಗೆದಿಟ್ಟ ಹಳೆಯ ನುಡಿ ಫಾಂಟುಗಳನ್ನೂ ಹಾಕಿಕೊಂಡರೆ ಆಸ್ಕಿ ಫೈಲುಗಳನ್ನು ಲಿಬ್ರೆಆಫೀಸ್‌ನಲ್ಲಿ ಓದಬಹುದು. ಟ್ಯಾಲಿಗೂ ಸರ್ಕಾರಿ ಪೋರ್ಟಲ್‌ಗಳ ಡಿಜಿಟಲ್ ಸಹಿ ಟೋಕನ್‌ಗೂ ಅವಲಂಬಿತರಾದವರು ಮಾತ್ರ ವಿಂಡೋಸ್ ಬಿಡಬೇಡಿ, ಹೈರಾಣಾಗುತ್ತೀರಿ.

ಹಾಕಿದ ಮೇಲೆ

ಕ್ಲೋನ್ ಮಾಡಿದವರ ಸಾಮಾನ್ಯ ದೂರು: ಹೊಸ ಡಿಸ್ಕ್ ದೊಡ್ಡದು, ಸಿ ಡ್ರೈವ್ ಮಾತ್ರ ಹಳೆಯ ಗಾತ್ರದಲ್ಲೇ ಇದೆ, ಗಾತ್ರ ಹಿಗ್ಗಿಸುವ ಎಕ್ಸ್‌ಟೆಂಡ್ ವಾಲ್ಯೂಮ್ ಆಯ್ಕೆ ಮಸುಕಾಗಿ ಕೂತಿದೆ. ಸಿ ಮತ್ತು ಖಾಲಿ ಜಾಗದ ನಡುವೆ ರಿಕವರಿ ಪಾರ್ಟಿಷನ್ ಅಡ್ಡ ನಿಂತಿರುವುದೇ ಕಾರಣ. ಲಿನಕ್ಸ್ ಪೆನ್‌ಡ್ರೈವಿನಿಂದ ಎದ್ದು ಜಿಪಾರ್ಟೆಡ್ ಎಂಬ ತಂತ್ರಾಂಶದಲ್ಲಿ ಅದನ್ನು ಕೊನೆಗೆ ಸರಿಸಿದರೆ ದಾರಿ ತೆರವಾಗುತ್ತದೆ.

ಎಸ್‌ಎಸ್‌ಡಿಗೆ ಡಿಫ್ರಾಗ್ ತಂತ್ರಾಂಶ ಬೇಡ. ವಿಂಡೋಸ್‌ನ ಆಪ್ಟಿಮೈಜ್ ಡ್ರೈವ್ಸ್ ಅದನ್ನು ಗುರುತಿಸಿ ಟ್ರಿಮ್ ಮಾಡುತ್ತದೆ, ಅಂದರೆ ಅಳಿಸಿದ ಫೈಲುಗಳ ಜಾಗ ಖಾಲಿಯಾಗಿದೆ ಎಂದು ಡಿಸ್ಕಿಗೆ ತಿಳಿಸುತ್ತದೆ. ಪಟ್ಟಿಯಲ್ಲಿ ಸಾಲಿಡ್ ಸ್ಟೇಟ್ ಎಂದು ತೋರಿಸುತ್ತಿದೆಯೇ ನೋಡಿಕೊಳ್ಳಿ. ಶೇ 10-15 ಜಾಗ ಖಾಲಿ ಬಿಡಿ, ತುಂಬಿ ತುಳುಕುವ ಎಸ್‌ಎಸ್‌ಡಿ, ಅದರಲ್ಲೂ ಅಗ್ಗದ್ದು, ಬರೆಯುವ ವೇಗದಲ್ಲಿ ಹಾರ್ಡ್‌ಡಿಸ್ಕಿಗಿಂತ ಕೆಳಗಿಳಿಯಬಹುದು. ಬ್ಯಾಕಪ್ ನಿಲ್ಲಿಸಬೇಡಿ. ಹಾರ್ಡ್‌ಡಿಸ್ಕ್ ಸಾಯುವ ಮುನ್ನ ಟಕಟಕ ಸದ್ದು ಮಾಡಿ ಹೇಳುತ್ತದೆ, ಎಸ್‌ಎಸ್‌ಡಿ ಹೇಳದೆ ಕೇಳದೆ ಹೋಗುತ್ತದೆ.

ತೆಗೆದ ಹಾರ್ಡ್‌ಡಿಸ್ಕನ್ನು ಒಂದು ತಿಂಗಳು ಹಾಗೇ ಮುಟ್ಟದೆ ಇಡಿ. ಮರೆತ ಫೈಲು ನೆನಪಾಗುವುದು ಆಗಲೇ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಆ ಮೂರೂ ಸಾಲು ಸೊನ್ನೆ ಇದ್ದರೆ ಯುಎಸ್‌ಬಿ ಡಬ್ಬಿಗೆ ಹಾಕಿ ಬ್ಯಾಕಪ್‌ಗೆ ಬಳಸಿ. ಯಾರಿಗಾದರೂ ಕೊಡುವುದಿದ್ದರೆ ಕ್ವಿಕ್ ಫಾರ್ಮ್ಯಾಟ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಕ್ವಿಕ್‌ನಲ್ಲಿ ಅಳಿಯುವುದು ಸೂಚಿ ಮಾತ್ರ, ಪೂರ್ತಿ ಫಾರ್ಮ್ಯಾಟ್ ಡಿಸ್ಕಿನುದ್ದಕ್ಕೂ ಸೊನ್ನೆ ಬರೆಯುತ್ತದೆ. 1 ಟಿಬಿಗೆ ಕೆಲವು ಗಂಟೆ ಬೇಕು, ರಾತ್ರಿ ಹಚ್ಚಿ ಮಲಗಿ. ಸಿ5, ಸಿ6 ಏರಿದ ಡಿಸ್ಕಾದರೆ ಪೂರ್ತಿ ಫಾರ್ಮ್ಯಾಟ್ ಮುಗಿಯುವ ಭರವಸೆಯಿಲ್ಲ. ಅಂಥದ್ದನ್ನು ಬಿಚ್ಚಿ ಒಳಗಿನ ಹೊಳೆಯುವ ತಟ್ಟೆಗಳಿಗೆ ತೂತು ಕೊರೆದು ಇ-ತ್ಯಾಜ್ಯಕ್ಕೆ ಕೊಡಿ. ಕಣ್ಣು ಕಾಯುವ ಕನ್ನಡಕ ಹಾಕಿಕೊಂಡೇ ಕೊರೆಯಿರಿ, ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಎಷ್ಟೋ ಸಲ ಗಾಜಿನದು, ಚೂರುಚೂರಾಗಿ ಸಿಡಿಯುತ್ತದೆ.